ಸೋತವರು ಚಹಾಕ್ಕೆ

ಜನವರಿ 8, ಸೋಮವಾರ
ಕೋರ್ಟಿನಿಂದ ಬಂದೆ. ಕೊಡ್ಲಿಯಿಂದ ಕಾರ್ಡು. ಗುರುಲಿಂಗಪ್ಪ ಮಾಸ್ತರರು ನನ್ನ ಆನೆ ಹೊಡೆದಿದ್ದಾರೆ. ಥೂ! ಸಾಲಿಯಲ್ಲಿ ಚೆಸ್ ಕಲಿಸಿದವರೇ ಅವರು. ಈಗ ಪೋಸ್ಟಿನಲ್ಲಿ ಆಡುತ್ತೇವೆ, ಕಾರ್ಡಿಗೊಂದು ನಡೆ. ನನ್ನ ಮರುನಡೆ ಬರೆದು ಹಾಕಿದೆ. ಒಮ್ಮೆಯೂ ಗೆದ್ದಿಲ್ಲ. ಕರಾರು ಅವರದೇ — ಸೋತವರು ಬಸ್ಸು ಹತ್ತಿ ಗೆದ್ದವರ ಮನೆಗೆ ಚಹಾಕ್ಕೆ ಹೋಗಬೇಕು. ಯಾವಾಗಲೂ ನಾನೇ ಹೋಗುವುದು. ಚಿತ್ತಾಪುರದ ನಮ್ಮ ಮನೆ ಅವರು ಕಂಡೇ ಇಲ್ಲ.

ಜನವರಿ 19
ಮಾಸ್ತರರು ಹೋದರು. ಕೊಡ್ಲಿಗೆ ಹೋಗಿಬಂದೆ. ಅವರ ಪದ್ಧತಿಯಂತೆ ಕೂರಿಸಿಯೇ ಮಣ್ಣು ಮಾಡಿದರು. ತಲೆ ತುಸು ಮುಂದೆ ಬಾಗಿತ್ತು... ಬಹಳ ಅತ್ತೆ.

ಜನವರಿ 29
ಅವರದೇ ಅಕ್ಷರದ ಕಾರ್ಡು! ಅವರ ಸೊಸೆ ಭಾಗ್ಯಜ್ಯೋತಿಗೆ ಫೋನ್ ಮಾಡಿದೆ.
"ಮಾವನೋರು ಮೊದ್ಲೇ ಬರದಿಟ್ಟಿದ್ರಿ ಅಣ್ಣಾ. ಸುರೇಶಕುಮಾರ ಹಿಂಗಾಡಿದ್ರ ಈ ಕಾರ್ಡ್, ಹಂಗಾಡಿದ್ರ ಆ ಕಾರ್ಡ್ ಹಾಕು ಅಂದಿದ್ರು."
ಉಸಿರು ಬಂತು. ಆಮೇಲೆ ಸಿಟ್ಟು. ನಾನು ಅಷ್ಟು ಸಸಾರವೇ? ಬೇಕೆಂದೇ ಹುಚ್ಚನ ಹಾಗೆ ವಜೀರನನ್ನೇ ಬಲಿಗೆ ಇಟ್ಟು ಕಾರ್ಡು ಹಾಕಿದೆ.

ಫೆಬ್ರವರಿ 2
ಅದಕ್ಕೂ ಉತ್ತರ! ವಜೀರನನ್ನು ತಿಂದಿದ್ದಾರೆ. ಕೆಳಗೆ — "ಸಿಟ್ಟಿಲೆ ಆಡಬ್ಯಾಡ."
ಮತ್ತೆ ಫೋನ್.
"ಬರದಿಟ್ಟ ಕಾರ್ಡ್ ಮುಗದಾವ್ರಿ. ನಿಮ್ಮ ಕಾರ್ಡೂ ಇನ್ನಾ ಮುಟ್ಟಿಲ್ಲ. ನಾ ಏನ್ ಹಾಕ್ಲಿ?"
ಇನ್ನೊಂದು ನಡೆ, ನನಗೆ ಚೆಕ್‌ಮೇಟ್. ಸೋತರೆ ಹೋಗಬೇಕು — ಅವರು ಈಗ ಇರುವಲ್ಲಿಗೆ. ನನಗೆ ಸಾಯಲು ಮನಸ್ಸಿಲ್ಲ. ಕೈಮುಗಿದು ಡ್ರಾ ಕೇಳಿ ಬರೆದೆ.

ಫೆಬ್ರವರಿ 13
ಉತ್ತರವಿಲ್ಲ. ಹೆಂಡತಿ ರಮಾಬಾಯಿ ಬೈಯುತ್ತಾಳೆ. "ಊಟಾ ಯಾಕ್ ಬಿಟ್ಟೀರಿ? ಯಾರ ದೃಷ್ಟಿ ತಗಲ್ಯದೋ ಏನೋ!" ಹೇಳುವುದು ಹೇಗೆ?

ಫೆಬ್ರವರಿ 24, ಶನಿವಾರ
ಬಾಗಿಲ ಸಂದಿಯಲ್ಲಿ ಕಾರ್ಡು. ಪೋಸ್ಟಿನ ಮುದ್ರೆ ಇಲ್ಲ.
"ಡ್ರಾ ಬ್ಯಾಡ. ನೀ ಇಷ್ಟು ಲಗೂ ಬರಬ್ಯಾಡ ತಮ್ಮಾ. ಈ ಸಲ ನಾನೇ ಸೋತೆ."
ಗೆದ್ದೆ! ಬದುಕಿದೆ! ಎಂಥ ದೊಡ್ಡ ಜೀವ ಅದು. ಅಳುತ್ತಲೇ ಓಡಿಹೋಗಿ ಜಿಲೇಬಿ ತಂದೆ. ರಮಾಬಾಯಿಯ ಜೊತೆ ಹೊಟ್ಟೆ ತುಂಬ ಉಂಡೆ.

ಫೆಬ್ರವರಿ 25, ರವಿವಾರ, ಸಂಜೆ
ಎಷ್ಟೋ ದಿನಕ್ಕೆ ಚೆನ್ನಾಗಿ ನಿದ್ದೆ ಹತ್ತಿತ್ತು. ಈಗ ಎದ್ದು ಬರೆಯುತ್ತಿದ್ದೇನೆ. ಪಡಸಾಲೆಯಲ್ಲಿ ರಮಾಬಾಯಿ ಯಾರನ್ನೋ ಮಾತಾಡಿಸುತ್ತಿದ್ದಾಳೆ.
"ಏನ್ರೀ, ಯಾರೋ ಹಿರ್ಯಾರು ಬಂದಾರ. ಪಾಪ, ಮೈಯೆಲ್ಲಾ ಮಣ್ಣಾಗ್ಯದ. ಕುಂದರ್ರಿ ಅಂದೀನಿ. ಲಗೂ ಬರ್ರಿ!"
ಕುರ್ಚಿ ಎಳೆದ ಸದ್ದು. ಚಹಾಕ್ಕೆ ಸಕ್ಕರೆ ಎಷ್ಟು ಹಾಕಲಿ ಎಂದು ಕೇಳುತ್ತಿದ್ದಾಳೆ. ಅವರು