ಹೊಟ್ಟು ಎಳೆಯುವ ಕಲ್ಲು

ಸಿಂಧನೂರು
೧೧ ಫೆಬ್ರವರಿ ೧೯೬೮, ಭಾನುವಾರ

ಲಾಲ್‌ಬೀ ಅಕ್ಕನಿಗೆ,

ಶಾಲೆಗೆ ರಜೆ. ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ.

ಹೋದ ವರ್ಷ ನಿಮ್ಮಿಂದ ಕೊಂಡ, ಸೀರೆಗೆ ಚುಚ್ಚಿಕೊಳ್ಳುವ ಬ್ರೋಚಿನ ವಿಷಯ. ಲಿಂಗಸುಗೂರು ಛಾವಣಿಯಲ್ಲಿ ಮಕ್ಕಳನ್ನು ನೋಡಿಕೊಂಡಿದ್ದ ನಿಮ್ಮ ನಾನಿಗೆ, ನಿಮ್ಮ ತಾಯಿಯ ತಾಯಿಗೆ, ದೊರೆಸಾನಿಯೊಬ್ಬಳು ಕೊಟ್ಟುಹೋದದ್ದು. ಸುತ್ತ ಬೆಳ್ಳಿ, ನಡುವೆ ಜೇನಿನ ಬಣ್ಣದ ಕಲ್ಲು. ಮಸ್ಕಿಯಲ್ಲಿ ನಿಮ್ಮ ಮನೆಯ ಬಾಡಿಗೆ ಕೋಣೆಯಲ್ಲಿದ್ದ ಮೂರು ವರ್ಷವೂ ನನಗೆ ಅದರ ಮೇಲೆ ಕಣ್ಣಿತ್ತು. ಇಲ್ಲಿ ಕಾಲುವೆ ನೀರು ಬಂದ ಮೇಲೆ ಎಲ್ಲರ ಕೊರಳಲ್ಲೂ ಹೊಸ ಬಂಗಾರ. ಯಾರಲ್ಲೂ ಇಲ್ಲದ್ದೊಂದು ನನಗೆ ಬೇಕಿತ್ತು.

ಆಗ ನಿಮ್ಮ ಮಗಳು ಮೀರಾಬಿಯ ಕೂಸು ತೀರಿ ಇನ್ನೂ ನಲವತ್ತು ದಿನವಾಗಿರಲಿಲ್ಲ. ನೀವು ಬ್ರೋಚನ್ನು ಕಂಬಳಿಗೆ ಒರೆಸಿ, ಜೋಳ ಕೇರುತ್ತಿದ್ದ ಮೊರದ ಪಕ್ಕ ಇಟ್ಟಿರಿ. ಹೊಟ್ಟು ಹಾರಿ ಬಂದು ಕಲ್ಲಿಗೆ ಅಂಟಿತು.

“ನೋಡ್ರಿ ಅಕ್ಕೋರ, ಹೊಟ್ಟು ಎಳಕೊಂಡಂಗ ಇದು ನಮ್ಮ ಕೂಸಿನ ಜೀವಾನೂ ಎಳಕೊಂಡೈತೇನು?”

ನನಗೆ ಗೊತ್ತಿತ್ತು, ಅಕ್ಕ. ಅನುವಾದಿತ ಕಾದಂಬರಿಯೊಂದರ ಅಡಿಟಿಪ್ಪಣಿಯಲ್ಲಿ ಓದಿದ್ದೆ: ಇಂಥ ಜೇನುಬಣ್ಣದ ಅಂಬರ್ ಎಂದರೆ ಕಲ್ಲಿನಂತೆ ಗಟ್ಟಿಯಾದ ಮರದ ಅಂಟು, ಉಣ್ಣೆಗೆ ಉಜ್ಜಿದರೆ ಹಗುರವಾದದ್ದನ್ನೆಲ್ಲ ಎಳೆಯುತ್ತದೆ. ಅಷ್ಟೇ. ಆದರೆ ನಾನು ಹೇಳಿದ್ದು: “ಇಂಥಾ ಹಳೇ ಸಾಮಾನು ಮನ್ಯಾಗ ಇಟ್ಕೋಬ್ಯಾಡ್ರಿ. ನನಗ ಕೊಟ್ಟುಬಿಡ್ರಿ.”

“ನಿಮಗೇನರ ಆದ್ರ?”

“ನಾ ಓದಿದಾಕಿ, ನನಗೇನಾಕ್ಕೈತಿ?”

“ಖರೇ ಬಿಡ್ರಿ, ಓದಿದೋರ್ನ ಕಂಡ್ರ ದೆವ್ವಾನೂ ಓಡಿಹೋಕ್ಕೈತಿ,” ಎಂದು ಅಳುತ್ತಲೇ ನಕ್ಕಿರಿ. ಬರೀ ಬೆಳ್ಳಿಯ ತೂಕದ ದುಡ್ಡು ತೆಗೆದುಕೊಂಡಿರಿ. ನಿಮ್ಮ ನಗುವಿಗೆ ನಾನೂ ನಕ್ಕೆ. ಅದೇ ನನ್ನನ್ನು ಹೆಚ್ಚು ಚುಚ್ಚುತ್ತಿದೆ.

ನಿನ್ನೆ ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಮೀರಾಬಿ ಸಿಕ್ಕಳು. ಬಸುರಿ. ಮಾತಾಡಿಸಲು ಹತ್ತಿರ ಬಂದವಳು ನನ್ನ ಸೀರೆಯ ಮೇಲಿದ್ದ ಬ್ರೋಚನ್ನು ಕಂಡು, ಸೆರಗನ್ನು ಹೊಟ್ಟೆಗೆ ಅಡ್ಡ ಹಿಡಿದು ಹಿಂದೆ ಸರಿದಳು. ದೂರದಿಂದಲೇ ಹೇಳಿದಳು: “ಅಮ್ಮಾ ಆ ಸತ್ತ ನಾನಿ ಹೆಸರಿಲೆ ಓದಿಸೋ ಫಾತಿಹಾ ಬಿಟ್ಟಾಳ್ರೀ. ನನ್ನ ಕೂಸಿನ ತಿಂದಾಕಿ ಅಕೀನಾ ಅಂತಾಳ.”

ಸತ್ತ ಮುದುಕಿಯ ತಲೆಗೆ ಈ ಅಪವಾದ ಕಟ್ಟಿದವಳು ನಾನು. ಬಸುರಿ ಹುಡುಗಿಯ ಹೊಟ್ಟೆಯಲ್ಲಿ ಹೆದರಿಕೆ ಇಟ್ಟವಳೂ ನಾನೇ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಿಮಗೆ ಓದು ಬಾರದು. ಓಣಿಯವರು ಯಾರಾದರೂ ಓದಿ ಹೇಳಿದರೆ ನನ್ನ ಕೆಲಸ ತೀರಾ ಸುಲಭವಾಗಿಬಿಡುತ್ತದೆ; ಅದು ಬೇಡ. ಮುಂದಿನ ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ನೀವೂ ಮೀರಾಬಿಯೂ ಎದುರಿಗೆ ಕುಳಿತಿರಬೇಕು. ಒಂದು ಸಾಲೂ ಬಿಡದೆ ನಾನೇ ಓದುತ್ತೇನೆ.

ಮೀರಾಬಿಯ ಹೊಟ್ಟೆ ತಣ್ಣಗಿರಲಿ.

ತಪ್ಪು ಮಾಡಿದ
ಅಮರಮ್ಮ