ಫಕೀರವ್ವ ಕಣ್ಣು ತೆರೆದ ಫೋಟೋ

ರಾಣೆಬೆನ್ನೂರು
ಫೆಬ್ರವರಿ ೩೧, ೨೩೧೭

ಮುನ್ನೂರು ವರ್ಷ ಹಿಂದೆ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಊರು ಸುತ್ತುತ್ತಿರುವ ವಿದ್ಯಾರ್ಥಿ ಬಂಧುಗಳೇ,

ತಾರೀಖು ಓದಿ ಗಾಬರಿಯಾಗಬೇಡಿ. ಫೆಬ್ರವರಿಗೆ ನೀವು ಮಾಡಿದ್ದ ಅನ್ಯಾಯವನ್ನು ನಾವು ಸರಿಪಡಿಸಿದ್ದೇವೆ. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಮ್ಮ ಮೇಷ್ಟ್ರು ಮುದಕವಿ ಸರ್ ಬಡಿದು ಬಡಿದು ಕಲಿಸಿದರೂ ನನಗೆ ಹತ್ತಿದ್ದು ಇಷ್ಟೇ. ನಾನು ಚಂಪಾ ಹೂಲಿಕಟ್ಟಿ. ಬೆಳಕುಪೆಟ್ಟಿಗೆಯ ವಿದ್ಯಾರ್ಥಿನಿ. ನೀವು ಕ್ಯಾಮೆರಾ ಅನ್ನುವುದನ್ನೇ ನಾವು ಹಾಗೆ ಕರೆಯುತ್ತೇವೆ.

ನೂರಾ ಹತ್ತು ವರ್ಷಗಳ ಹಿಂದೆ ಅಳಿಸುಗಾಳಿ ಬೀಸಿತು. ಗಾಳಿ ಎನ್ನುವುದು ಬಾಯಿಮಾತು. ಸೂರ್ಯನಿಂದ ಎದ್ದುಬಂದ ಏನೋ ಒಂದು, ಯಂತ್ರಗಳ ಹೊಟ್ಟೆಯಲ್ಲಿದ್ದ ಚಿತ್ರಗಳನ್ನೆಲ್ಲ ಒಂದೇ ಮಧ್ಯಾಹ್ನದಲ್ಲಿ ನುಂಗಿ ನೀರು ಕುಡಿಯಿತು. ನಿಮ್ಮ ಮದುವೆ, ಪ್ರವಾಸ, ತಟ್ಟೆಯಲ್ಲಿದ್ದ ದೋಸೆ, ಎಲ್ಲವೂ ಹೋದವು. (ಉಣ್ಣುವ ಮೊದಲು ನೀವು ಊಟದ ಫೋಟೋ ತೆಗೆಯುತ್ತಿದ್ದಿರಂತೆ. ನಮ್ಮ ತರಗತಿಯಲ್ಲಿ ಇದನ್ನು ಯಾರೂ ನಂಬುವುದಿಲ್ಲ.) ಉಳಿದದ್ದು ಗೋಡೆಯ ಮೇಲೆ, ಗಾಜಿನ ಚೌಕಟ್ಟಿನೊಳಗೆ, ಹಾರ ಹಾಕಿಸಿಕೊಂಡು ಕೂತಿದ್ದ ಫೋಟೋಗಳು ಮಾತ್ರ. ಅವನ್ನಷ್ಟೇ ನೋಡಿ ಬೆಳೆದ ನಮ್ಮ ಜನ, ಫೋಟೋ ಎಂದರೆ ಸತ್ತವರಿಗೆ ಮಾಡುವ ಒಂದು ಶಾಸ್ತ್ರ ಎಂದು ತೀರ್ಮಾನಿಸಿಬಿಟ್ಟರು.

ಇಂಥ ಊರಿನಲ್ಲಿ ಮುದಕವಿ ಸರ್ ಹಳೆಯ ಪುಸ್ತಕ ನೋಡಿ ಆರು ಬೆಳಕುಪೆಟ್ಟಿಗೆ ಕಟ್ಟಿದರು. ನಮಗೆ ಕೊಟ್ಟ ಪರೀಕ್ಷೆ ಒಂದೇ: ಓಣಿಗೆ ಹೋಗಿ ಯಾರಾದರೊಬ್ಬರ ಫೋಟೋ ತರಬೇಕು, ನೋಡಿದವರಿಗೆ ಅವರು ಬದುಕಿದ್ದಾರೆ ಅನ್ನಿಸಬೇಕು. ಮೂರು ಅವಕಾಶ. ಮೂರೂ ಕೈತಪ್ಪಿದರೆ ಪೆಟ್ಟಿಗೆ ಸಾಲಿನಲ್ಲಿರುವ ಮುಂದಿನವರಿಗೆ. ನಾನು ಮತ್ತೆ ಸೋದರಮಾವನ ಜೊತೆ ಊರ ಮಾಳಿಗೆಗಳ ಬಿಸಿಲುಹಲಗೆ ಒರೆಸಲು ಹೋಗಬೇಕು. ವಿದ್ಯುತ್ತು ಕೊಡುವ ಆ ಹಲಗೆಗಳನ್ನು ನಾನು ಆರು ವರ್ಷ ಒರೆಸಿದ್ದೇನೆ. ಪೆಟ್ಟಿಗೆ ಕೈಗೆ ಬಂದ ದಿನ ಸಂತೋಷಕ್ಕೆ ಅತ್ತಿದ್ದೆ.

ಮೊದಲು ಕ್ಷೌರದ ಚನ್ನವೀರಪ್ಪನ ಅಂಗಡಿಗೆ ಹೋದೆ. ಪೆಟ್ಟಿಗೆ ಕಂಡದ್ದೇ ತಡ, ಅರ್ಧ ಬೋಳಿಸಿದ ಗಿರಾಕಿಯನ್ನು ಬಿಟ್ಟು, ಕೈಮುಗಿದು ಕಣ್ಣು ಮುಚ್ಚಿ ನಿಂತುಬಿಟ್ಟ. ಅವನ ಹೆಂಡತಿ ಹಾರ ತರಲು ಓಡಿದಳು. ಒಂದು ಅವಕಾಶ ಹಾಗೇ ಹೋಯಿತು. ಎರಡನೆಯ ಸಲ ಗೋಲಿಯಾಡುವ ಮಕ್ಕಳತ್ತ ಪೆಟ್ಟಿಗೆ ತಿರುಗಿಸಿದೆ. ಅವರ ತಾಯಿ "ಬಾಳಿ ಬದುಕೋ ಕೂಸಿಗೆ ಫೋಟೋ ತಗೀತಿಯೇನ, ನಿನ್ನ ಕೈ ಸೇದಿಹೋಗ್ಲಿ" ಎಂದು ಕಸಬರಿಗೆ ಹಿಡಿದು ಬಂದಳು. ಆ ಫೋಟೋದಲ್ಲಿ ನನ್ನ ಹೆಬ್ಬೆರಳು ಮಾತ್ರ ಸ್ಪಷ್ಟವಾಗಿದೆ.

ಕೊನೆಗೆ ಉಳಿದವಳು ರೊಟ್ಟಿ ಮಾರುವ ಫಕೀರವ್ವ. ಎಪ್ಪತ್ತು ದಾಟಿದ್ದಳು, ಯಾರಿಗೂ ಹೆದರುವವಳಲ್ಲ. "ಸಾಯೂದು ಹೆಂಗೂ ಐತಿ. ಫೋಟೋದ್ದೊಂದು ಕೆಲಸ ಮುಗದ್ರ ಮುಗದೇ ಹೋತಲ್ಲ ತಂಗಿ" ಎಂದು ಒಪ್ಪಿದಳು. ಆದರೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಇಳಕಲ್ ಸೀರೆ ಉಟ್ಟು, ಕುರ್ಚಿಯಲ್ಲಿ ಸೆಟೆದು ಕೂತು ಕಣ್ಣು ಮುಚ್ಚಿದಳು. "ಕಣ್ಣು ತೆರೀರಿ ಅಮ್ಮಾ" ಎಂದು ಅಂಗಲಾಚಿದೆ. "ಕಣ್ಣ ತೆರದ್ರ ಸತ್ತಂಗ ಹೆಂಗ ಕಾಣ್ತೀನಿ? ನೀ ಸಣ್ಣಾಕಿ, ನಿನಗ ತಿಳಿಯೂದಿಲ್ಲ" ಎಂದಳು. ಅಷ್ಟರಲ್ಲಿ ಫಕೀರವ್ವನ ಫೋಟೋ ತೆಗೆಯುತ್ತಿದ್ದಾರಂತೆ ಎಂಬ ಸುದ್ದಿ ಓಣಿ ತುಂಬಿ, ಜನ ಚೆಂಡುಹೂವಿನ ಹಾರ ಹಿಡಿದು ಬರತೊಡಗಿದರು. ಒಬ್ಬರಂತೂ ಕೊರಳಿಗೆ ಹಾಕಿಯೇಬಿಟ್ಟರು. ಫಕೀರವ್ವ ಅಲುಗಾಡಲಿಲ್ಲ. ನನ್ನ ಕಣ್ಣೆದುರು ಬಿಸಿಲುಹಲಗೆಗಳು ಸಾಲಾಗಿ ಬಂದು ನಿಂತವು.

ಆಗ ಅವಳ ತಂಗಿ ನೀಲವ್ವ ಎದೆ ಬಡಿದುಕೊಳ್ಳುತ್ತ ಬಂದಳು. ತಾಯಿಯ ಕಾಲದ ರೊಟ್ಟಿ ಹಂಚು ಕಾಣೆಯಾದ ಮೇಲೆ ಹನ್ನೊಂದು ವರ್ಷದಿಂದ ಅಕ್ಕತಂಗಿಯರಿಗೆ ಮಾತಿರಲಿಲ್ಲ. ಮುಚ್ಚಿದ ಕಣ್ಣು, ಹಾರ ನೋಡಿ ನೀಲವ್ವ ಎಲ್ಲ ಮುಗಿಯಿತೆಂದೇ ತಿಳಿದಳು. "ಯಕ್ಕಾ, ನಿನ್ನಂಗ ತೆಳ್ಳಗ ರೊಟ್ಟಿ ಬಡಿಯೋರು ಈ ಊರಾಗ ಯಾರದಾರಬೇ" ಎಂದು ಹಾಡಿಕೊಂಡು ಅತ್ತಳು. ಫಕೀರವ್ವನ ತುಟಿ ಸ್ವಲ್ಪ ಅರಳಿತು. ಇನ್ನಷ್ಟು ಕೇಳುವ ಆಸೆಯಿಂದ ಸುಮ್ಮನಿದ್ದಳು. ನೀಲವ್ವ ಅಳುತ್ತಲೇ ಮುಂದುವರಿಸಿದಳು: "ಹಂಚು ನಾನ ಒಯ್ದಿದ್ನೆವ್ವಾ, ಅದಕ್ಕಂಜಿ ಬಾಯಿ ಬಿಡಲಿಲ್ಲ, ತಪ್ಪಾತಬೇ ಯಕ್ಕಾ!"

"ಏನಂದಿ?" ಎಂದು ಫಕೀರವ್ವ ಕಣ್ಣು ತೆರೆದು ಎದ್ದಳು. ನಾನು ಗುಂಡಿ ಒತ್ತಿದೆ.

ಫೋಟೋದಲ್ಲಿ ಹಾರ ಒಂದು ಕಿವಿಗೆ ಜೋತಾಡುತ್ತಿದೆ, ಫಕೀರವ್ವನ ಕೈ ಮೇಲೆದ್ದಿದೆ, ನೀಲವ್ವನ ಒಂದು ಕಾಲು ಓಟಕ್ಕೆ ಸಿದ್ಧವಾಗಿದೆ. ಮುದಕವಿ ಸರ್ ಕನ್ನಡಕ ಎರಡು ಸಲ ಒರೆಸಿ ನೋಡಿ "ಪಾಸ್" ಎಂದರು. ಪೆಟ್ಟಿಗೆ ನನ್ನಲ್ಲೇ ಉಳಿಯಿತು. ಅಕ್ಕತಂಗಿಯರು ಅಂದಿನಿಂದ ಒಟ್ಟಿಗೇ ರೊಟ್ಟಿ ಮಾರಿದರು, ಒಟ್ಟಿಗೇ ಜಗಳಾಡಿದರು. ಹೋದ ತಿಂಗಳು ಫಕೀರವ್ವ ನಿಜವಾಗಿ ತೀರಿಕೊಂಡಳು. ನೀಲವ್ವ ಗೋಡೆಗೆ ಹಾಕಿದ್ದು ಇದೇ ಫೋಟೋವನ್ನು. ಅಳುತ್ತ ಬಂದವರೆಲ್ಲ ಅದನ್ನು ನೋಡಿ ನಗುತ್ತಾರೆ, ನಕ್ಕು ಮತ್ತೆ ಅಳುತ್ತಾರೆ. ನಾನೂ ಹಾಗೇ ಮಾಡಿದೆ. ನೀಲವ್ವ ಮಾತ್ರ ಎರಡು ಹೊತ್ತೂ ಅದರ ಮುಂದೆ ಕೂತು ಹಂಚಿನ ವಿಷಯದಲ್ಲಿ ತನ್ನ ವಾದ ಮುಂದುವರಿಸಿದ್ದಾಳೆ.

ನಮ್ಮಲ್ಲಿ ನಿಮ್ಮ ಮುಖಗಳು ಬೇಕಾದಷ್ಟಿವೆ, ಎಲ್ಲವೂ ತಲೆ ಬಾಚಿಕೊಂಡು ಕೂತಿವೆ. ನೀವು ಯಾರ ಮೇಲೆ ರೇಗುತ್ತಿದ್ದಿರಿ, ಯಾವುದಕ್ಕೆ ನಗುತ್ತಿದ್ದಿರಿ, ಒಂದೂ ಗೊತ್ತಿಲ್ಲ. ಆದ್ದರಿಂದ ಒಂದು ಬೇಡಿಕೆ: ಮನೆಯವರು ಜಗಳಾಡುವಾಗ, ಬಾಯಿ ತುಂಬ ಉಣ್ಣುವಾಗ ಒಂದು ಫೋಟೋ ತೆಗೆದು ಕಾಗದದ ಮೇಲೆ ಹಾಕಿಸಿ. ಹಾಕಿಸಿ ಗೋಡೆಗೆ ತೂಗುಹಾಕಿ. ಅದಕ್ಕಾಗಿ ಯಾರೂ ಸಾಯುವವರೆಗೆ ಕಾಯಬೇಡಿ.

ನಿಮ್ಮ,
ಚಂಪಾ