ಗಿಡ್ಡ ತಂತಿ

ಮನೆಯಿಂದ,
ಗುರುವಾರ, ಮಧ್ಯಾಹ್ನ

ಪ್ರೀತಿಯ ಗುಬ್ಬೀ,

ಅಪ್ಪನ ಹರಕೆಗಳು. ನೀನು ಕ್ಷೇಮವಾಗಿದ್ದೀಯೆಂದು ನಂಬಿದ್ದೇನೆ. ಸೇತುವೆಯ ಕೆಲಸದ ಧೂಳಿಗೆ ಹಿಡಿದಿದ್ದ ಕೆಮ್ಮು ಇಳಿಯಿತೇ? ಎತ್ತರದಲ್ಲಿ ನಿಂತಾಗ ಸೊಂಟಕ್ಕೆ ಪಟ್ಟಿ ಬಿಗಿದುಕೊಳ್ಳುತ್ತೀಯಷ್ಟೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೇ, ಅಥವಾ ಬಿಸ್ಕತ್ತನ್ನೇ ಊಟವೆಂದು ನನಗೆ ಲೆಕ್ಕ ಒಪ್ಪಿಸುತ್ತೀಯೇ? ನಿನ್ನೆಯ ಬಿರುಗಾಳಿಗೆ ನಮ್ಮ ಬೀದಿಯ ಕಂಬಗಳು ಉರುಳಿ ವಿದ್ಯುತ್ತು ಹೋಗಿದೆ. ಅದರ ಬೆನ್ನಿಗೇ ದೂರವಾಣಿಯೂ ಮೂಕವಾಗಿದೆ. ನೀನು ಎಷ್ಟು ಬಾರಿ ಕರೆ ಮಾಡಿ ಸೋತಿರುವೆಯೋ! ಕೆಳಮನೆಯ ಟ್ಯಾಕ್ಸಿಯವನು ಬಾಡಿಗೆಯವರನ್ನು ಕರೆದುಕೊಂಡು ನಿನ್ನ ಕೆಲಸದ ಊರಿಗೇ ಹೊರಟಿದ್ದಾನೆ. ಈ ಕಾಗದವನ್ನು ನಿನ್ನ ಕೈಗೇ ಕೊಡುತ್ತೇನೆಂದು ಮಾತು ಕೊಟ್ಟಿದ್ದಾನೆ. ಮೊದಲೇ ಹೇಳಿಬಿಡುತ್ತೇನೆ, ಹೆದರಬೇಡ. ನಿನ್ನ ಅಮ್ಮ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಾಳೆ; ಕಾಗದ ಉದ್ದವಾಯಿತೆಂದು ಆಗಲೇ ಒಮ್ಮೆ ಸೂರು ನೋಡಿದ್ದಾಳೆ. ನಮ್ಮ ಮನೆಯ ಕಣ್ಣಿನ ಭಾಷೆ ನಿನಗೆ ತಿಳಿದದ್ದೇ: ಒಮ್ಮೆ ರೆಪ್ಪೆ ಬಡಿದರೆ ಹೌದು, ಬಿಗಿದು ಮುಚ್ಚಿದರೆ ಅಲ್ಲ, ಸೂರು ನೋಡಿದರೆ ಬೈಗುಳ.

ಅವಳ ಉಸಿರು ಮತ್ತಷ್ಟು ಇಳಿದಿದೆ. ಗಂಟಲಲ್ಲಿ ರಂಧ್ರ ಮಾಡಿ ಕೊಳವೆ ಹಾಕದಿದ್ದರೆ ಹೆಚ್ಚು ಕಾಲ ತಡೆಯದೆಂದು ಡಾಕ್ಟರಮ್ಮ ಸ್ಪಷ್ಟವಾಗಿಯೇ ಹೇಳಿದ್ದಾರೆ. ಒಪ್ಪುತ್ತಾಳೆಂದು ನಾನು ಬಾಯಿ ಹಾಕಿದ್ದಕ್ಕೆ, "ಯಜಮಾನ್ರೇ, ನೀವು ಸುಮ್ನಿರಿ. ಅವರ ಮಾತನ್ನ ಅವರಿಂದಲೇ ಕೇಳ್ಬೇಕು ನಾನು" ಎಂದು ನನ್ನನ್ನು ಮೂಲೆಗೆ ಕೂರಿಸಿ, ಇಂದು ಮಧ್ಯಾಹ್ನ ಬರುವುದಾಗಿ ಹೇಳಿಹೋಗಿದ್ದರು. ನೀವಿಬ್ಬರೂ ಲ್ಯಾಪ್‌ಟಾಪ್ ಎನ್ನುವ, ನಾನು ಮಡಿಲಗಣಕವೆಂದು ಕರೆದು ನಗೆಪಾಟಲಾದ ಆ ಯಂತ್ರದ ಮುಂದೆ ನಿನ್ನೆ ಸಂಜೆ ಅವಳು ತನ್ನ ಉತ್ತರವನ್ನು ಬರೆಯತೊಡಗಿದಳು. ಅವಳಲ್ಲಿ ಇನ್ನೂ ಚಲಿಸುವುದು ಕಣ್ಣುಗಳು ಮತ್ತು ಆ ಒಂದು ಹೆಬ್ಬೆರಳು. ಅಕ್ಷರಗಳು ತೆರೆಯ ಮೇಲೆ ಒಂದೊಂದಾಗಿ ಹಾಯುತ್ತವೆ. ಬೇಕಾದುದು ಬಂದಾಗ ಹೆಬ್ಬೆರಳಿನಿಂದ ಗುಂಡಿ ಒತ್ತುತ್ತಾಳೆ. "ಕೊಳವೆ ಹಾಕಿಸ್ಕೊಳ್ತೀನಿ. ಆದರೆ" ಎಂಬಷ್ಟು ಮೂಡಿತು. ವಿದ್ಯುತ್ತು ಆಗಲೇ ಹೋಗಿತ್ತು. ಯಂತ್ರದೊಳಗಿನ ಹಳೆಯ ಬ್ಯಾಟರಿ ಅಲ್ಲಿಗೆ ಕೈಚೆಲ್ಲಿತು. ತೆರೆ ಕಪ್ಪಾಯಿತು.

ರಾತ್ರಿ ಹೇಗೆ ಕಳೆಯಿತೆಂದು ಕೇಳಬೇಡ. ನೋವಿನ ಭಯವೇ ಎಂದೆ, ಕಣ್ಣು ಮುಚ್ಚಿದಳು. ಆಸ್ಪತ್ರೆಯ ವಾಸವೇ ಎಂದೆ, ಮುಚ್ಚಿದಳು. ನನ್ನ ಅಡುಗೆಯೇ ಎಂದೆ, ಸೂರು ನೋಡಿದಳು. ಆ "ಆದರೆ"ಯ ಆಚೆಗೆ ಏನಿದೆಯೆಂದು ತಿಳಿಯಲೇಬೇಕಿತ್ತು. ತಿಳಿಯಲು ಅಷ್ಟೇ ಅಂಜಿಕೆಯೂ ಇತ್ತು. ವಾಕ್ಯ ಪೂರ್ಣವಾಗದೆ ಡಾಕ್ಟರಮ್ಮ ಏನನ್ನೂ ಮಾಡರು. ತಡವಾದರೆ ಉಸಿರು ಕಾಯದು.

ಬೆಳಿಗ್ಗೆ ಟ್ಯಾಕ್ಸಿಯವನು ಬಾಗಿಲಲ್ಲಿ ನಿಂತು, "ತಾತಾ, ಕಾರಿನ ಬ್ಯಾಟರಿ ಇದೆಯಲ್ಲ, ಹನ್ನೆರಡು ವೋಲ್ಟು. ಅಜ್ಜಿ ಮಾತಾಡೋದಾದ್ರೆ ಎಳ್ಕೊಳ್ಳಿ. ಪೂರ್ತಿ ಮಾತ್ರ ಹೀರ್ಬೇಡಿ, ಬಾಡಿಗೆಯವ್ರು ಇಳಿದು ಕಾರು ತಳ್ಳಲ್ಲ, ನೀವೇ ಬರ್ಬೇಕಾಗತ್ತೆ" ಎಂದ. ಕೇಳಿದೊಡನೆ ನಿನ್ನ ಅಮ್ಮನ ಕಣ್ಣು ಮಂಚದ ಕೆಳಗಿನ ತನ್ನ ತಗಡಿನ ಪೆಟ್ಟಿಗೆಯತ್ತ ಹೊರಳಿತು. ದೂರವಾಣಿ ಕೇಂದ್ರದ ಬ್ಯಾಟರಿ ಕೋಣೆಯನ್ನು ನಿವೃತ್ತಿಯವರೆಗೆ ಆಳಿದವಳು ಅವಳು. ನಿಘಂಟಿನ ಕರಡು ತಿದ್ದಿ ಕಣ್ಣು ಸವೆಸಿದವನು ನಾನು. ಬಲ್ಲವಳಿಗೆ ಬಾಯಿಲ್ಲ, ಬಾಯಿದ್ದವನಿಗೆ ಬಲ್ಮೆಯಿಲ್ಲ. ಇಂಥ ಜೋಡಿಯ ಕೈಗೆ ಬಿತ್ತು ಕೆಲಸ.

ಪೆಟ್ಟಿಗೆಯಿಂದ ಒಂದೊಂದನ್ನೇ ಎತ್ತಿ ತೋರಿಸುತ್ತ ಹೋದೆ. ಅಂಗೈಯಗಲದ ಒಂದು ಡಬ್ಬಿಗೆ ರೆಪ್ಪೆ ಬಡಿದಳು. ಹನ್ನೆರಡನ್ನು ಒಳಗೆ ತೆಗೆದುಕೊಂಡು ಹತ್ತೊಂಬತ್ತನ್ನು ಹೊರಗೆ ಕೊಡುವ ಡಬ್ಬಿ ಅದು. ಯಂತ್ರವನ್ನು ಬೋರಲು ಹಾಕಿ, ಅದರ ಬೆನ್ನ ಮೇಲೂ ಹತ್ತೊಂಬತ್ತೇ ಎಂದು ಬರೆದಿರುವುದನ್ನು ಓದಿ ಹೇಳಿದೆ. ಸಣ್ಣಕ್ಷರವನ್ನಾದರೂ ಓದಬಲ್ಲ ಗಂಡ ಸಿಕ್ಕಿದ್ದಾನೆಂದು ಅವಳಿಗೆ ಸಮಾಧಾನವಾಗಿರಬೇಕು. ಬ್ಯಾಟರಿಯ ಧನ, ಋಣ ತುದಿಗಳು ಅದಲುಬದಲಾದರೆ ಡಬ್ಬಿ ಸುಟ್ಟುಹೋಗುವುದೆಂಬುದನ್ನು ಅವಳೊಂದಿಗೆ ಬಾಳಿದ ಪುಣ್ಯಕ್ಕೆ ನಾನೂ ಬಲ್ಲೆ. ಕರೆಗಂಟೆಗೆಂದು ತಂದು ಉಳಿದಿದ್ದ ತಂತಿಯ ಎರಡೆಳೆಗಳೂ ಬಿಳಿಯವೇ ಆಗಿದ್ದುದರಿಂದ ಒಂದಕ್ಕೆ ಕೆಂಪು ದಾರ ಕಟ್ಟಿ, ಎರಡೂ ತುದಿಗಳನ್ನು ಅವಳ ಕಣ್ಣಿಗೆ ಹಿಡಿದು ಒಪ್ಪಿಗೆ ಪಡೆದೆ. ತಂತಿಯ ಸುರುಳಿಯನ್ನು ಕಿಟಕಿಯಿಂದ ಬೀದಿಗೆ ಇಳಿಬಿಟ್ಟೆ. ಟ್ಯಾಕ್ಸಿಯವನು ಕೆಳಗೆ ಬ್ಯಾಟರಿಗೆ ಕಚ್ಚಿಸಿ "ಆಯ್ತು ತಾತಾ!" ಎಂದು ಕೂಗಿದ.

ಡಬ್ಬಿಯ ಹಸಿರು ದೀಪ ಹತ್ತಿತು. ಯಂತ್ರಕ್ಕೆ ಸಿಕ್ಕಿಸಿದೆ, ಅದರ ದೀಪವೂ ಹತ್ತಿತು. ಹಿಗ್ಗಿದೆ. ಮರುಗಳಿಗೆ ಎರಡೂ ಆರಿದವು. ಮತ್ತೆ ಹತ್ತಿದವು, ಮತ್ತೆ ಆರಿದವು. ತಂತಿಯನ್ನು ಮುಟ್ಟಿದರೆ ಜ್ವರದ ಮಗುವಿನ ಮೈಯಂತೆ ಕಾದಿತ್ತು. ನಿನ್ನ ಅಮ್ಮ ಕಣ್ಣನ್ನು ಬಿಗಿದು ಮುಚ್ಚಿದಳು, ತೆರೆಯಲೇ ಇಲ್ಲ. ಅವಳಿಗೆ ಏನೋ ಆಯಿತೆಂದು ನನ್ನ ಜೀವವೇ ಹಾರಿತು. ಯಂತ್ರದ ತುದಿಯನ್ನು ಕಿತ್ತ ಮೇಲೆಯೇ ಕಣ್ಣು ಬಿಟ್ಟದ್ದು. ಬಣ್ಣ ತಪ್ಪಿತೇ? ಅಲ್ಲ. ಡಬ್ಬಿ ಕೆಟ್ಟಿತೇ? ಅಲ್ಲ. ಕೆಳಗಿನಿಂದ ಟ್ಯಾಕ್ಸಿಯವನು, "ಮಧ್ಯಾಹ್ನಕ್ಕೆ ಬಾಡಿಗೆಯವ್ರು ಬಂದ್ಬಿಡ್ತಾರೆ!" ಎಂದು ಎಚ್ಚರಿಸಿದ. ಬೇರೆ ದಾರಿ ಕಾಣದೆ ವರ್ಣಮಾಲೆಯನ್ನು ಹಿಡಿದೆ. ನಾನು ಮೊದಲು ವರ್ಗಗಳನ್ನು, ಆಮೇಲೆ ಅದರ ಅಕ್ಷರಗಳನ್ನು ಹೇಳುತ್ತ ಹೋಗುವುದು, ಅವಳು ರೆಪ್ಪೆ ಬಡಿದಲ್ಲಿ ನಿಲ್ಲುವುದು. ಮೊದಲು "ವೈರು" ಎಂದಾಯಿತು. "ತಂತಿ ಎನ್ನಬಾರದೇ?" ಎಂದುಬಿಟ್ಟೆ. ಆಗ ಅವಳು ಸೂರನ್ನು ನೋಡಿದ ರೀತಿಗೆ ಅಲ್ಲಿನ ಹಲ್ಲಿಯೂ ನಾಚಿರಬೇಕು. ಅನಂತರ ಬಂದದ್ದು: "ಗಿಡ್ಡ."

ಆಗ ಅವಳ ಹಳೆಯ ಮಾತು ನೆನಪಾಯಿತು. ಕೋಣೆಗೆ ಹೊಸದಾಗಿ ಸೇರಿದವರಿಗೆ ಹೇಳುತ್ತಿದ್ದಳು: "ಹನ್ನೆರಡು ವೋಲ್ಟು ಅಂದ್ರೆ ಬಡವನ ಬುತ್ತಿ ಕಣ್ರೋ. ದಾರಿ ಉದ್ದವಾದ್ರೆ ದಾರೀಲೇ ಮುಗಿಯತ್ತೆ, ಊರು ಮುಟ್ಟೋ ಹೊತ್ತಿಗೆ ಬರೀ ಬಟ್ಟೆ." ನನ್ನ ಸಪೂರ ತಂತಿ ಮಹಡಿ ಹತ್ತುವಷ್ಟರಲ್ಲಿ ಬುತ್ತಿಯನ್ನೆಲ್ಲ ತಿಂದು ಮುಗಿಸುತ್ತಿತ್ತು. ತಂತಿ ಗಿಡ್ಡದಾಗಬೇಕಂತೆ ಎಂದು ಕೆಳಕ್ಕೆ ಕೂಗಿ ಹೇಳಿದೆ. ಆ ಪುಣ್ಯಾತ್ಮ ಬ್ಯಾಟರಿಯನ್ನೇ ಕಳಚಿ, ಕೂಸಿನಂತೆ ಎತ್ತಿಕೊಂಡು ಮೆಟ್ಟಿಲು ಹತ್ತಿ, "ಅಜ್ಜೀ, ನೀವು ಇಳಿದು ಬರ್ಲಿಲ್ಲ, ಇದೇ ಬಂತು ನೋಡಿ" ಎಂದು ಮಂಚದ ಪಕ್ಕದಲ್ಲಿ ಇಟ್ಟ. ಪೆಟ್ಟಿಗೆಯಲ್ಲಿದ್ದ ದಪ್ಪ ತಂತಿಯ ಎರಡು ತುಂಡುಗಳನ್ನು ಕಟ್ಟಿದೆವು. ದೀಪ ಹತ್ತಿತು. ನಾವು ಮೂವರೂ ಅದನ್ನೇ ನೋಡಿದೆವು. ಆರಲಿಲ್ಲ.

ತುಂಬುವವರೆಗೆ ಕಾಯುವ ಬದಲು ಉಳಿದ ಮಾತನ್ನು ಅಕ್ಷರ ಅಕ್ಷರವಾಗಿ ನನಗೇ ಹೇಳಿಬಿಡೆಂದು ಬೇಡಿದೆ. ಕಣ್ಣು ಮುಚ್ಚಿದಳು. ನನ್ನ ಬಾಯಿಂದ ಹಾಯ್ದು ಬರುವುದು ಅವಳಿಗೆ ಬೇಡವಾಗಿತ್ತು. ಡಾಕ್ಟರಮ್ಮ ಬಂದು ಕೂತ ಮೇಲೆ ಯಂತ್ರ ತೆರೆಯಿತು. ನಿನ್ನೆಯ "ಆದರೆ" ನಿಂತಲ್ಲೇ ನಿಂತಿತ್ತು. ಅವಳ ಹೆಬ್ಬೆರಳು ಮುಂದುವರಿಯಿತು. ಬರೆದುದನ್ನು ಓದಿ ಹೇಳುವ ಆ ಯಂತ್ರದ ದನಿಗೆ ಹ್ರಸ್ವ, ದೀರ್ಘಗಳ ಗೊಡವೆಯಿಲ್ಲವೆಂದು ಎಷ್ಟು ಸಲ ಸಿಡುಕಿದ್ದೇನೆ! ಇಂದು ಅದರ ಒಂದು ತಪ್ಪೂ ನನ್ನ ಕಿವಿಗೆ ಬೀಳಲಿಲ್ಲ. ಅಂತೂ ಕೊಳವೆಗೆ ಒಪ್ಪಿದ್ದಾಳೆ. ನೀನು ಬಯಸಿದ್ದೂ ಅದನ್ನೇ. ನಾಳೆ ಆಸ್ಪತ್ರೆ. ಟ್ಯಾಕ್ಸಿಯವನು ಬ್ಯಾಟರಿಯನ್ನು ಎತ್ತಿಕೊಂಡು ಕೆಳಗಿಳಿದಿದ್ದಾನೆ, ಕಾರು ಒಂದೇ ಸಲಕ್ಕೆ ಗುಡುಗಿದ್ದು ಇಲ್ಲಿಗೂ ಕೇಳಿಸಿತು. ಇನ್ನು ನಿಲ್ಲಿಸಬೇಕು. ನಿನ್ನ ಕೆಲಸ ಗಟ್ಟಿಯಾಗಿ ನಿಲ್ಲಲಿ, ನೀನು ನೂರ್ಕಾಲ ಬಾಳು. ಅಮ್ಮ ಒಮ್ಮೆ ರೆಪ್ಪೆ ಬಡಿದು ಹರಸಿದ್ದಾಳೆ.

ಇಂತು,
ನಿನ್ನ ಅಪ್ಪ

ಮರೆತದ್ದು. ಅಲ್ಲ, ಮರೆತಿಲ್ಲ, ಮೇಲೆ ಬರೆಯಲು ಕೈ ಏಳಲಿಲ್ಲ. ಅವಳ ಮಾತು ಪೂರ್ತಿಯಾಗಿ ಹೀಗಿದೆ: "ಕೊಳವೆ ಹಾಕಿಸ್ಕೊಳ್ತೀನಿ. ಆದರೆ ನಾನು ಸಾಕು ಅಂದ ದಿನ ತೆಗೆದುಬಿಡಿ. ಇವರನ್ನ ಕೇಳ್ಬೇಡಿ, ಇವರು ಬಿಡಲ್ಲ. ಗುಬ್ಬೀನ ಕೇಳಿ." ನಾಳೆ ಕೊಳವೆ ಹಾಕುವುದಕ್ಕೆ ಮುಂಚೆ ನಿನ್ನ ಬಾಯಿಂದಲೇ ಹೂಂ ಎನ್ನಿಸಿಕೊಳ್ಳಬೇಕೆಂದು ಡಾಕ್ಟರಮ್ಮ ಹೇಳಿದ್ದಾರೆ, ಇದೇ ಟ್ಯಾಕ್ಸಿ ತಿರುಗಿ ಬರುವಾಗ ಹತ್ತಿ ಬಾ. ನಾನು ಬಿಡುವುದಿಲ್ಲವೆಂಬುದು ನಿಜ. ಅವಳಿಗಿಂತ ಚೆನ್ನಾಗಿ ಅದನ್ನು ಯಾರು ಬಲ್ಲರು? ಬರುವಾಗ ನಮ್ಮದೇ ಆದ ಒಂದು ಬ್ಯಾಟರಿಯನ್ನೂ ಒಳ್ಳೆಯ ದಪ್ಪ ತಂತಿಯನ್ನೂ ತಾ. ಮೊಳದುದ್ದ ಸಾಕು. ಅವಳು ಸಾಕೆಂಬ ಆ ಮಾತು ಹೇಳಬೇಕೆಂದ ದಿನ ತೆರೆ ಕಪ್ಪಾಗಿರಬಾರದು. ಅಷ್ಟನ್ನು ನಾನು ನೋಡಿಕೊಳ್ಳುತ್ತೇನೆ.